ಹಳೆಯ ಬೇಸ್‌ಬಾಲ್ ಕಾರ್ಡು: ಗ್ರೇಡಿಂಗ್‌ಗೆ ಕಳಿಸಬೇಕೇ, ಬೇಡವೇ?

ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡುಗಳ ಕಟ್ಟು ಕೈಗೆ ಬಂದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಗ್ರೇಡಿಂಗ್ ಮಾಡಿಸಲೇ, ಅಂದರೆ ಶುಲ್ಕ ಕೊಟ್ಟು ಕಂಪನಿಯೊಂದರಿಂದ ಕಾರ್ಡಿನ ಅಸಲಿತನ, ಸ್ಥಿತಿ ನೋಡಿಸಿ 10ರೊಳಗೆ ಅಂಕ ಹಾಕಿಸಲೇ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಚುಟುಕಾದ ಉತ್ತರವಿದೆ: ಬಹುಪಾಲು ಕಾರ್ಡುಗಳಿಗೆ ಬೇಡ, ಕೆಲವನ್ನು ಮಾತ್ರ ಗ್ರೇಡಿಂಗ್ ಮಾಡಿಸದೆ ಮಾರುವುದು ದಡ್ಡತನ. ಯಾವುದು ಯಾವ ಗುಂಪಿನದು ಎಂದು ತಿಳಿಯಬೇಕಾದರೆ ಕಂಪನಿಗೆ ಕಳಿಸುವ ಮೊದಲು ಕಾರ್ಡನ್ನು ನೀವೇ ಪರೀಕ್ಷಿಸಿ, ಎಷ್ಟು ಅಂಕ ಬರಬಹುದೆಂದು ಅಂದಾಜು ಮಾಡಿರಬೇಕು. ಆ ಅಂದಾಜಿಲ್ಲದೆ ಶುಲ್ಕ ಕಟ್ಟುವುದು ಲಾಟರಿ ಟಿಕೆಟ್ ಕೊಂಡ ಹಾಗೆ.

ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಈ ಕಾರ್ಡುಗಳು ಮೊದಲು ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದವು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹಂಚಿದ ಟಿ206 ಸರಣಿ ಅವುಗಳಲ್ಲಿ ಹೆಸರುವಾಸಿ. 1933ರಲ್ಲಿ ಗೌಡಿ ಕಂಪನಿ ಚೂಯಿಂಗ್ ಗಮ್ ಜೊತೆ ಕಾರ್ಡು ಕೊಟ್ಟಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೌಮನ್, 1950ರ ದಶಕದಿಂದ ಟಾಪ್ಸ್. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್ ಕಂಪನಿಗಳು ಕಣಕ್ಕಿಳಿದು ಟಾಪ್ಸ್‌ನ ಏಕಸ್ವಾಮ್ಯ ಮುರಿಯುವವರೆಗಿನ ಕಾರ್ಡುಗಳನ್ನು ಸಂಗ್ರಾಹಕರು ಸಾಮಾನ್ಯವಾಗಿ ‘ವಿಂಟೇಜ್’ ಎನ್ನುತ್ತಾರೆ. ಇವೆಲ್ಲ ಮಕ್ಕಳ ಆಟದ ಸಾಮಾನು. ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿಟ್ಟುಕೊಂಡು ತಿರುಗಿದವು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದವು. ಹಾಗಾಗಿ ಮೂಲೆ ಮೊನಚಾಗಿಯೇ ಉಳಿದ ಹಳೆಯ ಕಾರ್ಡು ಅಪರೂಪ, ಮತ್ತು ಬೆಲೆಯ ಅಂತರ ವಿಪರೀತ. 1952ರ ಟಾಪ್ಸ್ ಸರಣಿಯ 311ನೇ ಸಂಖ್ಯೆಯ ಮಿಕಿ ಮ್ಯಾಂಟಲ್ ಕಾರ್ಡು 9.5 ಗ್ರೇಡಿನಲ್ಲಿ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅದೇ ಕಾರ್ಡು ಜಜ್ಜಿಹೋಗಿ 1 ಅಂಕ ಪಡೆದಿದ್ದರೆ ಸಿಗುವುದು ಹತ್ತಾರು ಸಾವಿರ ಡಾಲರ್. ಈ ಕಂದರವೇ ಗ್ರೇಡಿಂಗ್ ಉದ್ಯಮದ ಬಂಡವಾಳ.

ಶುಲ್ಕ ಕೊಟ್ಟು ಏನನ್ನು ಕೊಳ್ಳುತ್ತೀರಿ?

ಕಂಪನಿಯ ಪರೀಕ್ಷಕರು ಕಾರ್ಡು ಅಸಲಿಯೇ, ತಿದ್ದಿದ್ದೇ ಎಂದು ನೋಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಚೌಕಟ್ಟಿನಲ್ಲಿಟ್ಟು ಅಂಚು ಬೆಸೆದು ಕಳಿಸುತ್ತಾರೆ. ಇದಕ್ಕೇ ಸ್ಲ್ಯಾಬ್ ಎನ್ನುವುದು. ಚೀಟಿಯ ಮೇಲೆ ಕಾರ್ಡಿನ ಹೆಸರು, ಅಂಕ ಮತ್ತು ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. ಈ ಒಂದೇ ಶುಲ್ಕದಲ್ಲಿ ಮೂರು ಬೇರೆ ಬೇರೆ ಸರಕುಗಳಿವೆ: ಅಸಲಿತನದ ಭರವಸೆ, ಸ್ಥಿತಿಯ ಬಗ್ಗೆ ಒಂದು ಅಭಿಪ್ರಾಯ, ಮತ್ತು ಅಪರಿಚಿತರಿಗೆ ಮಾರುವ ಅನುಕೂಲ. ನಿಮಗೆ ಯಾವುದು ಬೇಕು ಎಂದು ಬಿಡಿಸಿ ನೋಡಿದರೆ ಅರ್ಧ ಗೊಂದಲ ಕರಗುತ್ತದೆ. ತಂದೆಯಿಂದ ಬಂದ ಕಾರ್ಡನ್ನು ಮಾರುವ ಯೋಚನೆಯೇ ಇಲ್ಲದವರಿಗೆ ಮೂರನೆಯದರಿಂದ ಏನೂ ಪ್ರಯೋಜನವಿಲ್ಲ. ಅಂಗಡಿಯಿಂದ ನೇರವಾಗಿ ಗಮ್ ಪ್ಯಾಕ್ ಕೊಂಡವರ ಮನೆಯ ಪೆಟ್ಟಿಗೆಯಲ್ಲೇ ಉಳಿದ ಕಾರ್ಡಿಗೆ ಮೊದಲನೆಯದೂ ಅಷ್ಟಾಗಿ ಬೇಡ. ಗ್ಯಾರೇಜ್ ಸೇಲ್‌ನಲ್ಲೋ ಆನ್‌ಲೈನ್‌ನಲ್ಲೋ ಕೊಂಡ ದುಬಾರಿ ಕಾರ್ಡಿಗೆ ಮೊದಲನೆಯದು ಬೇಕೇಬೇಕು.

ಎರಡನೆಯದನ್ನು ಅಭಿಪ್ರಾಯ ಎಂದು ಕರೆದದ್ದಕ್ಕೆ ಕಾರಣವಿದೆ. ಈ ಕ್ಷೇತ್ರದ ದೊಡ್ಡ ಕಂಪನಿ ಪಿಎಸ್‌ಎ ಆರಂಭವಾದದ್ದು 1991ರಲ್ಲಿ. ಅದು ಗ್ರೇಡ್ ಮಾಡಿದ ಮೊದಲ ಕಾರ್ಡು ಟಿ206 ಸರಣಿಯ ಹೋನಸ್ ವ್ಯಾಗ್ನರ್. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮ್ಯಾಕ್‌ನಾಲ್ ಅದೇ ವರ್ಷ 4,51,000 ಡಾಲರಿಗೆ ಹರಾಜಿನಲ್ಲಿ ಹಿಡಿದಿದ್ದ ಈ ಕಾರ್ಡಿಗೆ ಬಂದದ್ದು 8 ಅಂಕ. 2013ರಲ್ಲಿ ಹರಾಜುದಾರ ಬಿಲ್ ಮ್ಯಾಸ್ಟ್ರೊ, ಅದರ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ನ್ಯಾಯಾಲಯದ ವ್ಯವಹಾರದಲ್ಲಿ ಒಪ್ಪಿಕೊಂಡ. ನಿಯಮದ ಪ್ರಕಾರ ಕತ್ತರಿಸಿದ ಕಾರ್ಡಿಗೆ ಅಂಕವೇ ಸಿಗಬಾರದಿತ್ತು. 2019ರಲ್ಲಂತೂ ಸಂಗ್ರಾಹಕರೇ ಹಳೆಯ ಹರಾಜುಗಳ ಚಿತ್ರಗಳನ್ನು ಹೊಸ ಸ್ಲ್ಯಾಬ್‌ಗಳ ಚಿತ್ರಗಳ ಪಕ್ಕ ಇಟ್ಟು, ಕತ್ತರಿಸಿ, ತಿದ್ದಿ, ಮತ್ತೆ ಹೆಚ್ಚು ಅಂಕ ಪಡೆದ ಕಾರ್ಡುಗಳನ್ನು ಸಾಲುಸಾಲಾಗಿ ತೋರಿಸಿದರು. ಎಫ್‌ಬಿಐ ತನಿಖೆಗೂ ಅದು ದಾರಿಯಾಯಿತು. ಅಂದರೆ ಸ್ಲ್ಯಾಬ್ ನಿಷ್ಪ್ರಯೋಜಕ ಎಂದಲ್ಲ. ಬಿಡಿ ಕಾರ್ಡಿಗಿಂತ ಅದರ ಮೇಲೆ ಭರವಸೆ ಜಾಸ್ತಿ ಇಡಬಹುದು, ಪೂರ್ತಿ ಇಡಬಾರದು, ಅಷ್ಟೇ.

ಮನೆಯಲ್ಲೇ ಮೊದಲ ಪರೀಕ್ಷೆ

ಬೇಕಾದ ಸಾಮಾನು ಕಡಿಮೆ: 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಪಾರದರ್ಶಕ ಅಳತೆಪಟ್ಟಿ, ಸಣ್ಣ ಎಲ್‌ಇಡಿ ಟಾರ್ಚ್, ನೇರಳಾತೀತ ಟಾರ್ಚ್, ಮತ್ತು ಅದೇ ವರ್ಷದ, ಅದೇ ಸರಣಿಯ ಒಂದು ಅಗ್ಗದ ಅಸಲಿ ಕಾರ್ಡು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ, ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡು, ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ.

ಮೊದಲು ಅಳತೆ. 1957ರಿಂದ ಈಚಿನ ಟಾಪ್ಸ್ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಸುಮಾರು 64 × 89 ಮಿ.ಮೀ. 1952ರಿಂದ 1956ರವರೆಗಿನದು ಇದಕ್ಕಿಂತ ದೊಡ್ಡದು, ಸುಮಾರು 67 × 95 ಮಿ.ಮೀ. ಟಿ206 ಪುಟ್ಟದು, ಸುಮಾರು 36.5 × 67 ಮಿ.ಮೀ. 1952ರ ಮ್ಯಾಂಟಲ್ ಎಂದು ಯಾರೋ ತಂದು ತೋರಿಸಿದ ಕಾರ್ಡು 64 × 89 ಇದ್ದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ: 1983ರಲ್ಲಿ ಟಾಪ್ಸ್ ಕಂಪನಿಯೇ ಆ ಸರಣಿಯನ್ನು ಚಿಕ್ಕ ಗಾತ್ರದಲ್ಲಿ ಮರುಮುದ್ರಿಸಿತ್ತು.

ಅಳತೆ ಸರಿ ಬಂದರೆ ಮುದ್ರಣ ನೋಡಿ. ಆಫ್‌ಸೆಟ್ ಮುದ್ರಣದ ಅಸಲಿ ಕಾರ್ಡಿನಲ್ಲಿ ಚಿತ್ರ ಸಣ್ಣ ಚುಕ್ಕೆಗಳಿಂದಾಗಿರುತ್ತದೆ. ಕಪ್ಪು ಅಕ್ಷರಗಳು, ಗೆರೆಗಳು ಮಾತ್ರ ಒಂದೇ ಶಾಯಿಯ ಗಟ್ಟಿ ಅಚ್ಚು. ಕಾರ್ಡನ್ನು ಸ್ಕ್ಯಾನ್ ಮಾಡಿ ನಕಲು ಮುದ್ರಿಸಿದಾಗ ಅಕ್ಷರಗಳೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆಯುತ್ತವೆ, ಅಂಚು ಮಸುಕಾಗುತ್ತದೆ. ಟಿ206 ಕಲ್ಲಚ್ಚಿನ ಕೆಲಸ. ಅದರ ಚುಕ್ಕೆಗಳು ಅಡ್ಡಾದಿಡ್ಡಿ ಚೆಲ್ಲಿದಂತಿರುತ್ತವೆ. ಅಲ್ಲಿ ಕ್ರಮಬದ್ಧವಾದ ಹೂವಿನಾಕಾರದ ಚುಕ್ಕೆಗಳು ಕಂಡರೆ ಅದು ನಕಲಿ. ಕತ್ತಲ ಕೋಣೆಯಲ್ಲಿ ನೇರಳಾತೀತ ಬೆಳಕು ಬಿಟ್ಟಾಗ ಯುದ್ಧಪೂರ್ವದ ಕಾರ್ಡು ನೀಲಿಬಿಳಿಯಾಗಿ ಹೊಳೆಯಬಾರದು. ಹೊಳಪು ಕೊಡುವ ರಾಸಾಯನಿಕಗಳು ಕಾಗದಕ್ಕೆ ಸೇರಿದ್ದು ನಂತರದ ಕಾಲದಲ್ಲಿ. ಆದರೆ ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸಬೇಡಿ. ಹಳೆಯ ಕಾಗದದ ಮೇಲೂ ನಕಲಿ ಮುದ್ರಿಸುವವರಿದ್ದಾರೆ.

ಇನ್ನು ಕತ್ತರಿ ಬಿದ್ದಿದೆಯೇ ಎಂಬುದು. ಸವೆದ ಮೂಲೆಯನ್ನು ಚೂಪಾಗಿಸಲು ಅಂಚಿನಿಂದ ಕೂದಲೆಳೆಯಷ್ಟು ಕತ್ತರಿಸುವುದು ಈ ಲೋಕದ ಹಳೆಯ ಮೋಸ. ಅಗ್ಗದ ಅಸಲಿ ಕಾರ್ಡನ್ನು ಕೆಳಗಿಟ್ಟು, ಅನುಮಾನದ ಕಾರ್ಡನ್ನು ಮೇಲಿಟ್ಟು, ಒಂದೊಂದೇ ಬದಿಯನ್ನು ಸಮ ಮಾಡಿ ನೋಡಿ. ಒಂದು ಬದಿ ಒಳಗೆ ಸರಿದಿದೆಯೇ? ಮಧ್ಯದಲ್ಲಿ ಒಳಬಾಗಿ ಮೂಲೆಯಲ್ಲಿ ಕೊಕ್ಕೆಯಂತೆ ಹೊರಬಂದಿದೆಯೇ? ಮೂರು ಅಂಚುಗಳು ಕಂದು ಬಣ್ಣಕ್ಕೆ ತಿರುಗಿ ನಾಲ್ಕನೆಯದು ಮಾತ್ರ ಹೊಸ ಕಾಗದದಂತೆ ಬಿಳಿಯಾಗಿದೆಯೇ? ಇವುಗಳಲ್ಲಿ ಯಾವುದಾದರೂ ಕಂಡರೆ ಗ್ರೇಡಿಂಗ್‌ಗೆ ಕಳಿಸಬೇಡಿ, ಏಕೆಂದರೆ ಕತ್ತರಿಸಿದ್ದೆಂದು ತಿರಸ್ಕೃತವಾದ ಕಾರ್ಡಿನ ಶುಲ್ಕ ವಾಪಸ್ ಬರುವುದಿಲ್ಲ. ಹಾಗೆಂದು ಚಿಕ್ಕದಾಗಿ ಕಂಡದ್ದೆಲ್ಲ ಮೋಸವೂ ಅಲ್ಲ. ಕಾರ್ಖಾನೆಯಲ್ಲೇ ಅಳತೆ ತಪ್ಪಿ ಕತ್ತರಿಸಿದವು ಬೇಕಾದಷ್ಟಿವೆ. ಇಂಥವನ್ನು ‘ಕನಿಷ್ಠ ಗಾತ್ರವಿಲ್ಲ’ ಎಂಬ ಪ್ರತ್ಯೇಕ ಕಾರಣ ಕೊಟ್ಟು ಹಿಂದಿರುಗಿಸುತ್ತಾರೆ. ಕೆನಡಾದ ಓ-ಪೀ-ಚೀ ಕಾರ್ಡುಗಳ ಅಂಚು ಹುಟ್ಟಿನಿಂದಲೇ ಗರಗಸದ ಹಲ್ಲಿನಂತೆ ಒರಟು. ಅದು ದೋಷವಲ್ಲ, ಒಂದರ್ಥದಲ್ಲಿ ಅಸಲಿತನದ ಗುರುತು.

ಬಣ್ಣ ಹಚ್ಚಿರುವುದನ್ನೂ ಹುಡುಕಿ. 1971ರ ಟಾಪ್ಸ್ ಕಾರ್ಡಿನ ಕಪ್ಪು ಅಂಚು ಮುಟ್ಟಿದರೆ ಸಾಕು, ಉದುರಿ ಬಿಳಿ ಚುಕ್ಕೆ ಕಾಣುತ್ತದೆ. ಅದನ್ನು ಮಾರ್ಕರ್ ಪೆನ್ನಿನಿಂದ ಮುಚ್ಚುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಾರ್ಡನ್ನು ಓರೆಯಾಗಿ ಹಿಡಿದು ಅಂಚಿನ ದಪ್ಪದ ಭಾಗ ನೋಡಿ: ಶಾಯಿ ಮೇಲ್ಮೈಯಿಂದ ಕೆಳಗಿಳಿದು ಕಾಗದದ ನಾರಿಗೆ ಹೀರಿಕೊಂಡಿದ್ದರೆ ಅದು ಮಾರ್ಕರ್.

ಇಷ್ಟು ದಾಟಿದ ಕಾರ್ಡಿಗೆ ಅಂಕದ ಅಂದಾಜು. ಮೊದಲು ಚಿತ್ರ ನಡುವೆ ಕೂತಿದೆಯೇ ನೋಡಿ. ಎಡ ಮತ್ತು ಬಲದ ಬಿಳಿ ಅಂಚನ್ನು ಅಳೆದು ಕೂಡಿಸಿ, ಒಂದೊಂದೂ ಒಟ್ಟು ಮೊತ್ತದ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ. ಎಡ 1.5, ಬಲ 3.5 ಮಿ.ಮೀ. ಇದ್ದರೆ ಒಟ್ಟು 5, ಅನುಪಾತ 70/30. ಮೇಲೆ-ಕೆಳಗೂ ಹೀಗೆಯೇ. ಎರಡರಲ್ಲಿ ಕೆಟ್ಟದ್ದೇ ಲೆಕ್ಕಕ್ಕೆ. ಪಿಎಸ್‌ಎ ಮಾನದಂಡದಲ್ಲಿ ಮುಂಭಾಗ ಸುಮಾರು 65/35 ಇದ್ದರೆ 8ರ ಆಸೆ ಇಟ್ಟುಕೊಳ್ಳಬಹುದು, 70/30 ಆದರೆ 7, 80/20 ಆದರೆ 6. ಮೂಲೆ ಎಷ್ಟೇ ಚೂಪಾಗಿದ್ದರೂ ಈ ಮಿತಿ ದಾಟುವುದು ಕಷ್ಟ. ಚಿತ್ರ ತೀರಾ ಒಂದು ಬದಿಗೆ ಸರಿದ ಒಳ್ಳೆಯ ಕಾರ್ಡಿಗೆ ಕೆಲವೊಮ್ಮೆ ‘8’ ಕೊಟ್ಟು ಪಕ್ಕದಲ್ಲಿ ‘ಓಸಿ’ (ಆಫ್ ಸೆಂಟರ್, ಅಂದರೆ ಚಿತ್ರ ನಡುವಿಲ್ಲ) ಎಂಬ ಷರಾ ಬರೆಯುತ್ತಾರೆ. ಷರಾ ಬೇಡವೆಂದು ಮೊದಲೇ ಕೋರಬಹುದು. ಆಗ ಅಂಕ ಸುಮಾರು ಎರಡು ಮೆಟ್ಟಿಲು ಇಳಿಯುತ್ತದೆ. ಮಾರುವುದಾದರೆ ಇದೇ ಲೇಸು. ಷರಾ ಇರುವ ಸ್ಲ್ಯಾಬ್ ಕಂಡರೆ ಕೊಳ್ಳುವವರು ಮೂಗು ಮುರಿಯುತ್ತಾರೆ.

ಮೂಲೆಗಳ ವಿಷಯ ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಕಾಣದೆ ಕೈಕೊಡುವುದು ಸುಕ್ಕು. ದೀಪ ಆರಿಸಿ, ಟಾರ್ಚನ್ನು ಕಾರ್ಡಿನ ಮೇಲ್ಮೈಗೆ ಹತ್ತಿರ ಹತ್ತಿರ ಸಮಾನಾಂತರವಾಗಿ ಹಿಡಿದು ನಾಲ್ಕೂ ಕಡೆಯಿಂದ ಬೆಳಕು ಬಿಡಿ. ಎದುರಿನಿಂದ ನೋಡಿದಾಗ ಇಲ್ಲವೇ ಇಲ್ಲ ಎನಿಸಿದ್ದ ಮಡಿಕೆಯ ಗೆರೆ ನೆರಳಾಗಿ ಎದ್ದು ಬರುತ್ತದೆ. ಮೂಲೆ 7ರಂತಿದ್ದು ಒಂದು ಸ್ಪಷ್ಟ ಮಡಿಕೆ ಇದ್ದರೆ ಕಾರ್ಡು ಸಾಮಾನ್ಯವಾಗಿ 4ಕ್ಕೆ ಇಳಿಯುತ್ತದೆ. ‘ಇಷ್ಟು ಚೆಂದದ ಕಾರ್ಡಿಗೆ ಯಾಕೆ ಇಷ್ಟು ಕಡಿಮೆ?’ ಎಂದು ಗೊಣಗುವವರಲ್ಲಿ ಬಹುಪಾಲು ಜನ ಈ ಟಾರ್ಚ್ ಪರೀಕ್ಷೆ ಮಾಡಿರುವುದಿಲ್ಲ. ಹಿಂಬದಿಯನ್ನೂ ಅಷ್ಟೇ ನಿಧಾನವಾಗಿ ನೋಡಿ: ಆಲ್ಬಮ್ಮಿನಿಂದ ಕಿತ್ತಾಗ ಕಾಗದ ಎದ್ದಿದೆಯೇ, ಗಮ್ ಅಥವಾ ಮೇಣದ ಕಲೆ ಇದೆಯೇ, ಮಗುವೊಂದು ಪೆನ್ಸಿಲಿನಲ್ಲಿ ಟಿಕ್ ಹಾಕಿದೆಯೇ.

ಕಲೆ ಕಂಡಿತೆಂದು ಉಜ್ಜಲು ಹೋಗಬೇಡಿ. ಹಳೆಯ ತಾಮ್ರದ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿ ಅದರ ಬೆಲೆ ಕಳೆಯುವ ಹಾಗೆಯೇ ಇದೂ. ಟಿ206ರ ಹಿಂದಿನ ಅಂಟನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಸಂಗ್ರಾಹಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಬ್ಲೀಚ್, ದ್ರಾವಕ, ಸುಕ್ಕು ಹೋಗಲೆಂದು ಒತ್ತಿ ಚಪ್ಪಟೆ ಮಾಡುವುದು ಇವೆಲ್ಲ ತಿದ್ದುಪಡಿಯ ಲೆಕ್ಕ. ಸ್ಕ್ರೂ ಬಿಗಿಯುವ ಹಳೆಯ ಪ್ಲಾಸ್ಟಿಕ್ ಹಲಗೆಯಲ್ಲಿ ವರ್ಷಗಟ್ಟಲೆ ಇದ್ದ ಕಾರ್ಡು ಒತ್ತಡಕ್ಕೆ ತೆಳುವಾಗಿ, ತಿದ್ದಿದ್ದೆಂದು ತಿರಸ್ಕೃತವಾಗುವುದೂ ಉಂಟು. ಅಂಥ ಹಲಗೆಯಲ್ಲಿದ್ದರೆ ಇವತ್ತೇ ಬಿಡಿಸಿ.

ಲೆಕ್ಕ ಕೂಡುತ್ತದೆಯೇ?

ಉದಾಹರಣೆಗೆ ಒಂದು ಕಾಲ್ಪನಿಕ ಕಾರ್ಡು. ಬಿಡಿಯಾಗಿ ಮಾರಿದರೆ 150 ಡಾಲರ್. ಸ್ಲ್ಯಾಬ್‌ನಲ್ಲಿ 5 ಬಂದರೆ 280, 4 ಬಂದರೆ 200, 3 ಬಂದರೆ 150, ತಿದ್ದಿದ್ದು ಎಂದು ಬಂದರೆ 50. ಶುಲ್ಕ, ಅಂಚೆ, ವಿಮೆ ಸೇರಿ ಖರ್ಚು 40 ಎಂದಿಟ್ಟುಕೊಳ್ಳಿ. ಆನ್‌ಲೈನ್ ಮಾರಾಟದ ಕಮಿಷನ್ ಸುಮಾರು 13%. ‘ಇದು ಖಂಡಿತ 5’ ಎಂದುಕೊಂಡವರ ಲೆಕ್ಕದಲ್ಲಿ ಕಮಿಷನ್ ಮತ್ತು ಖರ್ಚು ಕಳೆದು 204 ಡಾಲರ್ ಕೈಗೆ ಬರುತ್ತದೆ. ಬಿಡಿಯಾಗಿ ಮಾರಿದ್ದರೆ 130. ಭರ್ಜರಿ ಲಾಭ. ಆದರೆ ಪ್ರಾಮಾಣಿಕ ಅಂದಾಜು ಹೀಗಿರುತ್ತದೆ: 5 ಬರುವ ಸಾಧ್ಯತೆ 40%, 4 ಬರುವುದು 35%, 3 ಬರುವುದು 15%, ತಿರಸ್ಕಾರ 10%. ಇವನ್ನೆಲ್ಲ ಗುಣಿಸಿ ಕೂಡಿದರೆ ಸರಾಸರಿ ಬೆಲೆ 209.50. ಕಮಿಷನ್, ಖರ್ಚು ಕಳೆದರೆ ಉಳಿಯುವುದು 142. ಅಷ್ಟೆಲ್ಲ ಓಡಾಡಿ, ತಿಂಗಳುಗಟ್ಟಲೆ ಕಾದು ಗಳಿಸಿದ ಹೆಚ್ಚುವರಿ ಹಣ 12 ಡಾಲರ್.

ಬೆಲೆಗಳನ್ನು ಊಹಿಸಬೇಡಿ. ಈಬೇಯಲ್ಲಿ ‘ಮಾರಾಟವಾದ’ ವಸ್ತುಗಳ ಪಟ್ಟಿಯಲ್ಲಿ ಅದೇ ಕಾರ್ಡು ಅದೇ ಗ್ರೇಡಿನಲ್ಲಿ ಈಚೆಗೆ ಎಷ್ಟಕ್ಕೆ ಹೋಗಿದೆ ಎಂದು ನಾಲ್ಕೈದು ದಾಖಲೆ ನೋಡಿ. ಮಾರುವವರು ಕೇಳುತ್ತಿರುವ ಬೆಲೆ ಬರೀ ಅವರ ಆಸೆ. ನೀವು ಅಂದಾಜಿಸಿದ್ದಕ್ಕಿಂತ ಒಂದು ಗ್ರೇಡು ಕಡಿಮೆ ಬಂದರೂ ಖರ್ಚು ಹುಟ್ಟುತ್ತದೆಯೇ ಎಂಬುದೇ ಸರಿಯಾದ ಪರೀಕ್ಷೆ. ಹುಟ್ಟಿದರೆ ಕಳಿಸಿ.

ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುವ ಕಾರ್ಡುಗಳಿವೆ. 1951ರ ಬೌಮನ್ ಮತ್ತು 1952ರ ಟಾಪ್ಸ್ ಮ್ಯಾಂಟಲ್, 1954ರ ಹ್ಯಾಂಕ್ ಏರನ್, 1955ರ ರೊಬೆರ್ಟೊ ಕ್ಲೆಮೆಂಟೆ, 1968ರ ನೋಲನ್ ರಯನ್, 1933ರ ಗೌಡಿಯ ಬೇಬ್ ರೂತ್. ಇವುಗಳ ನಕಲಿಗಳು ಎಷ್ಟಿವೆಯೆಂದರೆ ಬಿಡಿ ಕಾರ್ಡು ಕಂಡರೆ ಕೊಳ್ಳುವವರು ಮೊದಲು ಅನುಮಾನಿಸುತ್ತಾರೆ. ಇಲ್ಲಿ 1 ಅಂಕ ಬಂದರೂ, ಬರೀ ‘ಅಸಲಿ’ ಎಂಬ ಚೀಟಿ ಬಂದರೂ ಖರ್ಚು ಸಾರ್ಥಕ. ಇದಕ್ಕೆ ವಿರುದ್ಧ ತುದಿಯಲ್ಲಿ 1960–70ರ ದಶಕದ ಸಾಧಾರಣ ಆಟಗಾರರ ಸವೆದ ಕಾರ್ಡುಗಳಿವೆ. ಕಾರ್ಡಿನ ಬೆಲೆಗಿಂತ ಶುಲ್ಕವೇ ಹಲವು ಪಟ್ಟು. ಸರಣಿ ಪೂರ್ತಿ ಮಾಡುವ ಹುಮ್ಮಸ್ಸಿನವರಿಗೂ ಸ್ಲ್ಯಾಬ್ ಕಾಟವೇ: 1952ರ ಟಾಪ್ಸ್‌ನಲ್ಲಿ 407 ಕಾರ್ಡುಗಳಿವೆ. ಪಾಲಿಪ್ರೊಪಿಲೀನ್ ಹಾಳೆಗಳ ಆಲ್ಬಮ್‌ನಲ್ಲಿ ಅವು ಒಂದು ಕಪಾಟಿನ ಮೂಲೆಯಲ್ಲಿ ಕೂರುತ್ತವೆ, ತಿರುವಿ ನೋಡುವ ಸುಖವೂ ಉಂಟು. ಹಾಳೆ ಪಿವಿಸಿ ಆಗಿರಬಾರದು ಅಷ್ಟೇ.

ಈ ನಿಯಮಕ್ಕೊಂದು ವಿಚಿತ್ರ ಅಪವಾದವಿದೆ. ಯಾರಿಗೂ ಬೇಡವಾಗಿದ್ದ ಸಾಧಾರಣ ಆಟಗಾರನ ಕಾರ್ಡು 9 ಅಂಕದ ಗ್ರೇಡಿನಲ್ಲಿ ಒಂದೋ ಎರಡೋ ಮಾತ್ರ ಇದ್ದರೆ, ಯಾರ ಸರಣಿಯ ಗ್ರೇಡು ಮೇಲು ಎಂದು ಪಿಎಸ್‌ಎ ನಡೆಸುವ ಸ್ಪರ್ಧೆಯ ಪಟ್ಟಿಯಲ್ಲಿ ಮೇಲೇರಲು ಹವಣಿಸುವವರು ಅದಕ್ಕೆ ನೂರಾರು ಡಾಲರ್ ಸುರಿಯುತ್ತಾರೆ. ಯಾವ ಗ್ರೇಡಿನಲ್ಲಿ ಎಷ್ಟು ಕಾರ್ಡುಗಳಿವೆ ಎಂಬ ಪಟ್ಟಿಯನ್ನು ಕಂಪನಿ ಪ್ರಕಟಿಸುತ್ತದೆ, ನೋಡಿಕೊಳ್ಳಿ. ಆದರೆ ನಾಳೆ ಯಾರೋ ಇನ್ನೈದು ಕಾರ್ಡು ಗ್ರೇಡ್ ಮಾಡಿಸಿದರೆ ಆ ಬೆಲೆ ಜರ್ರನೆ ಇಳಿಯುತ್ತದೆ.

ಧಾನ್ಯದ ಡಬ್ಬಿಯ ಹಿಂಬದಿಯಿಂದ ಮಕ್ಕಳೇ ಕತ್ತರಿಸಿಕೊಂಡ 1961–63ರ ಪೋಸ್ಟ್ ಸೀರಿಯಲ್ ಕಾರ್ಡುಗಳಲ್ಲಿ ಗಡಿರೇಖೆ ಉಳಿದಿದ್ದರೆ ಮಾತ್ರ ಅಂಕದ ಆಸೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ‘ಅಸಲಿ’ ಎಂಬ ಚೀಟಿಗೇ ತೃಪ್ತಿಪಡಬೇಕು.

ಯಾವ ಕಂಪನಿ, ಹೇಗೆ ಕಳಿಸುವುದು

ಮಾರುವ ಉದ್ದೇಶವಿದ್ದರೆ ಪಿಎಸ್‌ಎ. ಒಂದೇ ಗ್ರೇಡಿಗೆ ಅದರ ಸ್ಲ್ಯಾಬ್ ಸಾಮಾನ್ಯವಾಗಿ ಹೆಚ್ಚು ಬೆಲೆ ತರುತ್ತದೆ. ಇಟ್ಟುಕೊಳ್ಳುವುದಾದರೆ ಎಸ್‌ಜಿಸಿ. ಶುಲ್ಕ ಕಡಿಮೆ, ಕಪ್ಪು ಹಿನ್ನೆಲೆಯಲ್ಲಿ ಹಳೆಯ ಕಾರ್ಡು ಎದ್ದು ಕಾಣುತ್ತದೆ, ಯುದ್ಧಪೂರ್ವದ ಕಾರ್ಡುಗಳ ವಿಷಯದಲ್ಲಿ ಅದಕ್ಕೆ ಹೆಸರೂ ಇದೆ. ಮೇಲೆ ಹೇಳಿದ 1.26 ಕೋಟಿಯ ಮ್ಯಾಂಟಲ್ ಎಸ್‌ಜಿಸಿ ಸ್ಲ್ಯಾಬ್‌ನಲ್ಲೇ ಇತ್ತು. 2024ರಲ್ಲಿ ಪಿಎಸ್‌ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡಿತು, ಹಾಗಾಗಿ ‘ಸ್ಪರ್ಧಿಗಳು’ ಎಂದು ಕರೆಯುವುದು ಈಗ ಸ್ವಲ್ಪ ತಮಾಷೆ. ಬೆಕೆಟ್ ಕಂಪನಿ ಹೊಸ ಕಾರ್ಡುಗಳಿಗೆ ಹೆಸರಾದದ್ದು. ಹಳೆಯವಕ್ಕೆ ಅದರ ಪ್ರತ್ಯೇಕ ವಿಭಾಗವಿದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಬೆಲೆ ಕಟ್ಟುವುದಿಲ್ಲ.

ಶುಲ್ಕ ನಿಂತಿರುವುದು ನೀವು ಘೋಷಿಸುವ ಬೆಲೆಯ ಮೇಲೆ. ಅಗ್ಗದ ಹಂತ ಕಾರ್ಡೊಂದಕ್ಕೆ 20–30 ಡಾಲರ್ ಆಸುಪಾಸು, ದುಬಾರಿ ಕಾರ್ಡಿಗೆ ನೂರಾರು ಡಾಲರ್. ದರಗಳು ಆಗಾಗ ಬದಲಾಗುತ್ತವೆ. ಬೆಲೆ ಕಡಿಮೆ ತೋರಿಸಿ ಉಳಿಸೋಣವೆಂದರೆ ಎರಡು ಕಡೆ ಪೆಟ್ಟು: ಗ್ರೇಡ್ ಹೆಚ್ಚು ಬಂದಾಗ ಪಿಎಸ್‌ಎ ಮೇಲಿನ ಹಂತದ ಶುಲ್ಕವನ್ನೇ ವಸೂಲು ಮಾಡುತ್ತದೆ, ಕಾರ್ಡು ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ. ಕಾಯುವ ಅವಧಿಯನ್ನು ನಂಬಿ ಯೋಜನೆ ಹಾಕಬೇಡಿ. 2021ರ ಮಾರ್ಚ್‌ನಲ್ಲಿ ಕಾರ್ಡುಗಳ ರಾಶಿ ತಡೆಯಲಾರದೆ ಪಿಎಸ್‌ಎ ಬಹುತೇಕ ಹಂತಗಳ ಸೇವೆಯನ್ನೇ ನಿಲ್ಲಿಸಿತ್ತು. ಭಾರತದಿಂದ ಕಳಿಸುವವರು ಎರಡೂ ಕಡೆಯ ಕಸ್ಟಮ್ಸ್ ಮತ್ತು ವಿಮೆಯನ್ನು ಲೆಕ್ಕಕ್ಕೆ ಸೇರಿಸಿದರೆ ಸಾಧಾರಣ ಕಾರ್ಡಿಗೆ ಅಸಲು ಹುಟ್ಟುವುದಿಲ್ಲ. ಅಮೆರಿಕದಲ್ಲಿರುವ ನೆಂಟರ ಮೂಲಕ ಕಳಿಸಿ, ಅಲ್ಲೇ ಮಾರುವುದು ವಾಸಿ.

ಕಳಿಸುವ ಮುನ್ನ ಎರಡೂ ಬದಿಯನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿಡಿ. ಕಾರ್ಡನ್ನು ಮೃದು ತೆಳು ಕವರಿಗೆ ಹಾಕಿ, ಅದನ್ನು ಅರೆಗಟ್ಟಿ ಹೋಲ್ಡರಿನಲ್ಲಿಡಿ. ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಹೊರತೆಗೆಯುವಾಗ ಮೂಲೆ ತಾಗುತ್ತದೆ. ಅರ್ಜಿಯಲ್ಲಿ ಬರೆದ ಕ್ರಮದಲ್ಲೇ ಜೋಡಿಸಿ, ಕಾರ್ಡಿಗಿಂತ ಸ್ವಲ್ಪ ದೊಡ್ಡದಾದ ಎರಡು ರಟ್ಟಿನ ತುಂಡುಗಳ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬ್ಯಾಂಡ್ ರಟ್ಟನ್ನು ಹಿಡಿಯಬೇಕು, ಹೋಲ್ಡರನ್ನು ಒತ್ತಬಾರದು. ಹೋಲ್ಡರಿಗೆ ಟೇಪ್ ಅಂಟಿಸಬೇಡಿ. ಡಬ್ಬಿ ಅಲ್ಲಾಡಿಸಿದರೆ ಒಳಗೇನೂ ಕದಲಬಾರದು. ಅಮೆರಿಕದೊಳಗೆ ಕಳಿಸುವ ದುಬಾರಿ ಕಾರ್ಡಿಗೆ ರಿಜಿಸ್ಟರ್ಡ್ ಅಂಚೆ ನಿಧಾನ, ಆದರೆ ಪ್ರತಿ ಕೈ ಬದಲಾವಣೆಗೂ ಸಹಿ ಬೀಳುತ್ತದೆ.

ಬೇರೆ ಕಂಪನಿಯ ಸ್ಲ್ಯಾಬ್‌ನಿಂದ ಪಿಎಸ್‌ಎಗೆ ಬದಲಿಸುವುದಾದರೆ ಪ್ಲಾಸ್ಟಿಕ್ ಒಡೆಯದೆ ಸ್ಲ್ಯಾಬ್ ಸಮೇತ ಕಳಿಸಿ, ಒಪ್ಪುವ ಕನಿಷ್ಠ ಗ್ರೇಡನ್ನು ಅರ್ಜಿಯಲ್ಲಿ ಬರೆಯಿರಿ; ಅಷ್ಟು ಬಾರದಿದ್ದರೆ ಹಳೆಯ ಸ್ಲ್ಯಾಬ್ ಹಾಗೆಯೇ ವಾಪಸ್ ಬರುತ್ತದೆ. ಸ್ಲ್ಯಾಬ್ ಮನೆಗೆ ಬಂದ ಮೇಲೆ ಚೀಟಿಯ ವರ್ಷ, ಹೆಸರು, ಕಾರ್ಡ್ ಸಂಖ್ಯೆ ಸರಿಯಿದೆಯೇ ನೋಡಿ. ತಪ್ಪಿದ್ದರೆ ತಿದ್ದಿಕೊಡಲು ತಕ್ಷಣ ಕೇಳಿ. ಕೊಳ್ಳುವಾಗಲೂ ಪ್ರಮಾಣಪತ್ರದ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಅಂಚಿನ ಅಳತೆ, ಮುದ್ರಣದ ಚುಕ್ಕೆ, ಮೂಲೆಯ ಸವೆತ ಒಂದೊಂದಾಗಿ ತಾಳೆ ನೋಡಿ. ನಕಲಿ ಸ್ಲ್ಯಾಬ್ ಮಾಡುವವರು ನಿಜವಾದ ಸಂಖ್ಯೆಯನ್ನೇ ಕದ್ದು ಅಚ್ಚು ಹಾಕುತ್ತಾರೆ, ಹಾಗಾಗಿ ಸಂಖ್ಯೆ ಪಟ್ಟಿಯಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಹಣ ಕೊಡಬೇಡಿ.